ಬೀದಿ ದೀಪ ಕಿತ್ತ ಮೇಡಂ

ಹೋದ ತಿಂಗಳು ಶಿರಾದಲ್ಲಿ ನಮ್ಮ ಮೇಡಂ ನೆನಪಿಗೆ ಒಂದು ಸಭೆ ಇಟ್ಟುಕೊಂಡಿದ್ದರು. ಮಾತಾಡಲು ನನಗೆ ಐದು ನಿಮಿಷ ಕೊಟ್ಟರು. ಐದು ನಿಮಿಷ ಸಿಕ್ಕಿದ್ದರೆ ಆ ಹೆಂಗಸು ಇಬ್ಬರು ವಿಜ್ಞಾನಿಗಳ ಬಾಲ್ಯ ಹೇಳಿ ಮುಗಿಸಿ, ಮೂರನೆಯವರದಕ್ಕೆ ಕೈ ಹಾಕುತ್ತಿದ್ದರು. ನಾನು "ಅವರು ಬಹಳ ದೊಡ್ಡ ಮನುಷ್ಯರು" ಎಂದಷ್ಟೇ ಹೇಳಿ ಕೂತುಬಿಟ್ಟೆ. ಮನೆಗೆ ಬಂದ ಮೇಲೆ ನನ್ನ ಮೇಲೆ ನನಗೇ ಸಿಟ್ಟು. ಅವರಿಗೆ ಆಗದ ಮಾತು ಅಂತ ಒಂದಿದ್ದರೆ ಅದು "ದೊಡ್ಡ ಮನುಷ್ಯರು" ಎನ್ನುವುದೇ. ಹೋಗಿ ಹೋಗಿ ಅದನ್ನೇ ಹೇಳಿ ಬಂದಿದ್ದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಮಾತ್ರ ಹೇಳುವುದಿಲ್ಲ. ಅದು ಅವರೇ ಕಲಿಸಿದ ಪಾಠ.

ಶಿರಾದ ಮುಸ್ಲಿಂ ಮನೆತನದ ಹೆಣ್ಣುಮಗಳು. ತಂದೆಯದು ಗಡಿಯಾರ ರಿಪೇರಿ ಅಂಗಡಿ. ಮೇಡಂ ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತರಾದವರು. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ, ಕೋಪ ಬಂದಾಗ ಎರಡೂ. ವಿಜ್ಞಾನಿಗಳು, ಚಿತ್ರಕಾರರು, ಸಂಗೀತಗಾರರು, ಇಂಥವರ ಜೀವನಚರಿತ್ರೆಗಳನ್ನು ಮಕ್ಕಳಿಗಾಗಿ ಕನ್ನಡದಲ್ಲಿ ಬರೆಯುತ್ತಿದ್ದರು. ಒಂದೊಂದೂ ಜೇಬಿನಲ್ಲಿ ಹಿಡಿಸುವ ಸಣ್ಣ ಪುಸ್ತಕ. ತುಮಕೂರಿನ ಪ್ರಕಾಶಕರೊಬ್ಬರು ಅಚ್ಚು ಹಾಕುತ್ತಿದ್ದರು. ಮಧುಗಿರಿಯ ಡ್ರಾಯಿಂಗ್ ಮೇಷ್ಟ್ರಾದ ನಾನು ಚಿತ್ರ ಬರೆಯುತ್ತಿದ್ದೆ.

ಅವರು ಮೊದಲ ಸಲ ನಮ್ಮ ಮನೆಗೆ ಬಂದದ್ದು ಸುಡುಬಿಸಿಲಿನ ಒಂದು ಮಧ್ಯಾಹ್ನ. ತಲೆಯ ಮೇಲೆ ಸೆರಗು, ಸೆರಗಿನ ಮೇಲೆ ಹೆಲ್ಮೆಟ್. ಶಿರಾದಿಂದ ಸ್ಕೂಟರಿನಲ್ಲೇ ಬಂದಿದ್ದರು. ಕೊಟ್ಟ ನೀರನ್ನು ಕೈಯಲ್ಲಿ ಹಿಡಿದುಕೊಂಡೇ, "ಮೇಷ್ಟ್ರೇ, ನಿಮಗೆ ಬೆನ್ನು ಬರೆಯೋಕೆ ಬರುತ್ತಾ?" ಎಂದರು.

"ಯಾರ ಬೆನ್ನು?"

"ಒಬ್ಬ ಹುಡುಗನ ಬೆನ್ನು. ಮುಂದೆ ಅವನು ಭಾರೀ ವಿಜ್ಞಾನಿ ಆಗ್ತಾನೆ. ಈಗ ಕೆಸರಲ್ಲಿ ಕೂತು ಹುಳ ನೋಡ್ತಾ ಇದ್ದಾನೆ. ಮುಖ ಬರೀಬೇಡಿ. ಮುಖ ನೋಡಿದ್ರೆ ಯಾರು ಅಂತ ಮಕ್ಕಳಿಗೆ ಗೊತ್ತಾಗಿಬಿಡುತ್ತೆ. ಗೊತ್ತಾದ ತಕ್ಷಣ ಕೈ ಕಟ್ಕೊಂಡು ಕೂತ್ಬಿಡ್ತವೆ."

ಅದು ಅವರ ಪದ್ಧತಿ. ಯಾರ ಕಥೆಯೋ ಅವರ ಹೆಸರು ಪುಸ್ತಕದ ಕೊನೆಯ ಪುಟದಲ್ಲಿ ಮಾತ್ರ. ಅಲ್ಲಿಯವರೆಗೆ "ಈ ಹುಡುಗ", ಇಲ್ಲವೇ "ಈ ಹುಡುಗಿ". ಯಾಕೆ ಹೀಗೆ ಎಂದು ಕೇಳಿದೆ. "ಹೆಸರು ಮೊದಲೇ ಹೇಳಿದ್ರೆ ಫೋಟೋಗೆ ಹಾರ ಹಾಕ್ದಂಗೆ. ಹಾರ ಹಾಕಿರೋ ಫೋಟೋ ಜೊತೆ ಯಾರಾದ್ರೂ ಗೋಲಿ ಆಡ್ತಾರಾ?" ಎಂದರು. ನಾನು ಅಲ್ಲೇ ಸೋತೆ. ಅಂದಿನಿಂದ ವರ್ಷಗಟ್ಟಲೆ ಜಗತ್ಪ್ರಸಿದ್ಧರ ಬೆನ್ನುಗಳನ್ನೇ ಬರೆದೆ. ನನ್ನ ಹೆಂಡತಿಯಂತೂ, "ಎಲ್ಲರೂ ಇವರ ಮೇಲೆ ಮುನಿಸಿಕೊಂಡು ಆ ಕಡೆ ತಿರುಗಿ ಕೂತಿದ್ದಾರೆ" ಎಂದು ನೆಂಟರಿಗೆಲ್ಲ ಹೇಳಿಕೊಂಡು ನಗುತ್ತಿದ್ದಳು.

ಬೆಳಗಿನ ಕಾಫಿಗೆ ಮೊದಲೇ ಅವರ ಫೋನ್ ಬರುತ್ತಿತ್ತು. "ಮೇಷ್ಟ್ರೇ, ಎದ್ರಾ? ಈ ಪುಣ್ಯಾತ್ಮನಿಗೆ ಮಗ್ಗಿ ಬರ್ತಿರಲಿಲ್ಲ! ಅರೆ, ಎಂಥ ಖುಷಿ ಅಂತೀರಾ!" ಯಾರು ಆ ಪುಣ್ಯಾತ್ಮ, ಏನು ಕಥೆ, ಏನೂ ಹೇಳದೆ ಫೋನ್ ಇಟ್ಟುಬಿಡುತ್ತಿದ್ದರು. ಸತ್ತು ನೂರಾರು ವರ್ಷವಾದ ಒಬ್ಬನಿಗೆ ಮಗ್ಗಿ ಬರುತ್ತಿರಲಿಲ್ಲ ಎಂದು ತಿಳಿದು, ಬೆಳಗ್ಗೆ ಬೆಳಗ್ಗೆ ಹಬ್ಬದಂತೆ ಕುಣಿಯುವ ಇನ್ನೊಬ್ಬರನ್ನು ನಾನು ಕಂಡಿಲ್ಲ. ನನಗೂ ಆ ಹುಚ್ಚು ಅಂಟಿತು. ಫೋನ್ ಬಾರದ ದಿನ ಕಾಫಿಯೇ ರುಚಿಸುತ್ತಿರಲಿಲ್ಲ.

ಬರೆದದ್ದನ್ನು ನೇರವಾಗಿ ಅಚ್ಚಿಗೆ ಕಳಿಸುತ್ತಿರಲಿಲ್ಲ. ಮೊದಲು ಯಾವುದಾದರೂ ಹಳ್ಳಿ ಶಾಲೆಗೆ ಹೋಗಿ ಮಕ್ಕಳನ್ನು ನೆಲದ ಮೇಲೆ ಕೂರಿಸಿ ಓದಬೇಕು. ಕಿವಿಯ ಹಿಂದೆ ಕೆಂಪು ಪೆನ್ಸಿಲ್. ಮಕ್ಕಳು ಎಲ್ಲಿ ಮಿಸುಕಾಡುತ್ತವೋ ಆ ಪುಟಕ್ಕೆ ಅಡ್ಡಗೆರೆ. "ಮಕ್ಕಳ ಬಾಯಿ ಬೇಕಾದ್ರೆ ಸುಳ್ಳು ಹೇಳುತ್ತೆ. 'ಚೆನ್ನಾಗಿತ್ತು ಮೇಡಂ' ಅನ್ನುತ್ತೆ. ಕುಂಡಿ ಸುಳ್ಳು ಹೇಳಲ್ಲ. ಅಲ್ಲಾಡ್ತು ಅಂದ್ರೆ ಪುಟ ಸತ್ತೋಯ್ತು" ಎನ್ನುತ್ತಿದ್ದರು. ಒಮ್ಮೆ ಹುಲಿಕುಂಟೆಯಲ್ಲಿ ಒಬ್ಬ ಸಂಗೀತಗಾರನ ಕಥೆ ಓದುತ್ತಿದ್ದಾಗ ಶಾಲೆಯ ಮುಂದೆ ಕುರಿಮಂದೆ ಹಾದುಹೋಯಿತು. ಮಕ್ಕಳೆಲ್ಲ ಕತ್ತು ತಿರುಗಿಸಿ ಕುರಿ ನೋಡಿದರು. ನಾನು ಸಮಾಧಾನ ಹೇಳಲು ಹೋದೆ. ಅವರು ಆಗಲೇ ಪೆನ್ಸಿಲ್ ತೆಗೆದಿದ್ದರು. "ಕುರಿ ಗೆದ್ದವು ಮೇಷ್ಟ್ರೇ. ದಿನಾ ನೋಡೋ ಕುರಿಗಿಂತ ನನ್ನ ಪುಟ ಸಪ್ಪೆ ಇತ್ತು ಅಂತಾಯ್ತು." ಎರಡು ಪುಟ ಅಲ್ಲೇ ಸತ್ತವು.

ಕೊನೆಯಲ್ಲಿ ಯಾರು ಹೇಳಿ ಎಂದು ಕೇಳುವ ಆಟ. ಚನ್ನರಾಯನದುರ್ಗದ ಶಾಲೆಯಲ್ಲಿ ವಿದ್ಯುತ್ತಿನ ಬೆನ್ನು ಹತ್ತಿದ ಒಬ್ಬ ವಿಜ್ಞಾನಿಯ ಕಥೆ ಕೇಳಿದ ಹುಡುಗನೊಬ್ಬ ಎದ್ದು ನಿಂತು, "ನಮ್ಮೂರ ಲೈನ್‌ಮನ್ ಕಣ್ರೀ ಮೇಡಂ!" ಎಂದು ಕೂಗಿದ. ಶಾಲೆಯೇ ಬಿದ್ದು ಬಿದ್ದು ನಕ್ಕಿತು. ಮೇಡಂ ನಗಲಿಲ್ಲ. ಅವನ ಹತ್ತಿರ ಹೋಗಿ ಕೈ ಕುಲುಕಿದರು. ವಾಪಸು ಬರುವಾಗ ದಾರಿಯುದ್ದಕ್ಕೂ, "ಲೈನ್‌ಮನ್ ಅಂದ ನೋಡಿ! ನನ್ನ ಪುಸ್ತಕ ಪಾಸಾಯ್ತು" ಎಂದು ಹೇಳಿದ್ದನ್ನೇ ಹೇಳುತ್ತಿದ್ದರು.

ಇಷ್ಟೆಲ್ಲ ಕಟ್ಟುನಿಟ್ಟಿನ ಮನುಷ್ಯರು ಒಂದು ಕಡೆ ಮಾತ್ರ ಜಾರಿದ್ದರು. ಬೀದಿ ದೀಪ.

ಮೊದಲ ಪುಸ್ತಕಗಳ ಕಾಲಕ್ಕೆ ಪ್ರಕಾಶಕರು, "ಸ್ವಲ್ಪ ಕಷ್ಟ ಹಾಕಿ ಮೇಡಂ. ಕಷ್ಟ ಇಲ್ಲದಿದ್ರೆ ಮಹಾಪುರುಷ ಅಂತ ಯಾರೂ ಒಪ್ಪಲ್ಲ" ಎಂದಿದ್ದರಂತೆ. ಬಡವರ ಮಕ್ಕಳಿಗೆ ಧೈರ್ಯ ಬರಲಿ ಎಂದು ಇವರೂ ಒಂದು ಕಡೆ ಬೀದಿ ದೀಪದ ಕೆಳಗೆ ಕೂತು ಓದುವ ಹುಡುಗನನ್ನು ಬರೆದರು. ಆಮೇಲೆ ಸಾರಿಗೆ ಒಗ್ಗರಣೆ ಹಾಕಿದಂತೆ ಅದೇ ಅಭ್ಯಾಸವಾಯಿತು. ಪುಸ್ತಕ ಯಾವುದೇ ಇರಲಿ, ಎಲ್ಲೋ ಒಂದು ಕಡೆ ಬೀದಿ ದೀಪ ಹತ್ತಿಕೊಳ್ಳುತ್ತಿತ್ತು. ಬಾಲಚುಕ್ಕಿಗಳನ್ನು, ಅಂದರೆ ಧೂಮಕೇತುಗಳನ್ನು, ಹುಡುಕಿದ ಒಬ್ಬ ಹೆಣ್ಣುಮಗಳ ಪುಸ್ತಕದಲ್ಲಿ ಆ ದೀಪಕ್ಕೆ ನಾನೊಂದು ಇಡೀ ಪುಟದ ಚಿತ್ರ ಬರೆದೆ. ಕತ್ತಲು, ಕತ್ತಲ ನಡುವೆ ಹಳದಿ ಬೆಳಕಿನ ಒಂದು ವೃತ್ತ, ಅದರೊಳಗೆ ಪುಟ್ಟ ಹುಡುಗಿಯ ಬೆನ್ನು. ನನ್ನ ಜೀವಮಾನದಲ್ಲಿ ಅದಕ್ಕಿಂತ ಒಳ್ಳೆಯ ಚಿತ್ರ ನನ್ನ ಕೈಯಿಂದ ಬಂದಿಲ್ಲ. ಆ ಪುಟ ನೋಡಿಯೇ ಪುಸ್ತಕ ಕೊಂಡವರಿದ್ದಾರೆ.

ಒಂದು ದಿನ ಪಾವಗಡ ತಾಲ್ಲೂಕಿನ ಬಲಸಮುದ್ರದ ಕಡೆಯ ಒಂದು ಶಾಲೆಯಿಂದ ಹೆಡ್‌ಮಾಸ್ಟರು ಮೇಡಂಗೆ ಫೋನ್ ಮಾಡಿದರು. ಆರನೇ ಕ್ಲಾಸಿನ ಹುಡುಗಿಯೊಬ್ಬಳು ಸಂಜೆ ಬೀದಿ ದೀಪದ ಕಂಬದ ಕೆಳಗೆ ಕೂತು ಓದುವಾಗ ಕಾಲಿಗೆ ಚೇಳು ಕುಟುಕಿತ್ತು. ಪಾವಗಡದ ಆಸ್ಪತ್ರೆಗೆ ಸೇರಿಸಿದ್ದರು, ಈಗ ಮನೆಗೆ ಬಂದಿದ್ದಾಳೆ, ಜೀವಕ್ಕೆ ಅಪಾಯವಿಲ್ಲ. ಆದರೆ ಯಾಕೆ ಅಲ್ಲಿ ಕೂತಿದ್ದೆ ಎಂದು ಕೇಳಿದರೆ ಮೇಡಂ ಪುಸ್ತಕ ತೋರಿಸುತ್ತಿದ್ದಾಳೆ. ಮರುದಿನವೇ ಇಬ್ಬರೂ ಪಾವಗಡದ ಬಸ್ಸು ಹತ್ತಿದೆವು.

ಹುಡುಗಿಯ ತಂದೆಗೆ ಸೋಲಾರ್ ಪಾರ್ಕಿನಲ್ಲಿ ಸೆಕ್ಯುರಿಟಿ ಕೆಲಸ, ಡ್ಯೂಟಿಗೆ ಹೋಗಿದ್ದ. ತಾಯಿ ಬಾಗಿಲಲ್ಲೇ ನಿಂತಿದ್ದಳು. ಒಳಗೆ ಬನ್ನಿ ಎನ್ನುವ ಮೊದಲೇ ಶುರುಮಾಡಿದಳು.

"ನೀವೇನಾ ಪುಸ್ತಕ ಬರ್ದಿರೋರು? ಬನ್ನಿ, ಚೂಡಂಡಿ, ನೋಡಿ ನಮ್ಮನೇನ. ಟ್ಯೂಬ್‌ಲೈಟ್ ಐತೆ. ಫ್ಯಾನ್ ಐತೆ. ಅವುಳ್ಗೆ ಅಂತಾನೆ ಟೇಬಲ್ ತಂದಾಕವ್ರೆ ಅವುರಪ್ಪ. ಇದ್ನೆಲ್ಲಾ ಬುಟ್ಟು ಬೀದೀಗೋಗಿ ಕುಂತವ್ಳೆ. ಯಾಕಂದ್ರೆ ಪುಸ್ತಕದಾಗೆ ಐತಂತೆ!"

ಹುಡುಗಿ ಮಂಚದ ಮೇಲೆ ಕಾಲು ಚಾಚಿ ಕೂತಿದ್ದಳು. ಮೇಡಂ ಅವಳ ಪಕ್ಕ ಕೂತು, "ಯಾಕೆ ಬೇಟಾ, ಮನೇಲಿ ಇಷ್ಟು ಬೆಳಕಿದೆಯಲ್ಲ?" ಎಂದರು.

"ಅದ್ಕೇ ಮೇಡಂ" ಎಂದಳು ಹುಡುಗಿ. "ನಿಮ್ ಪುಸ್ತಕ ಎಲ್ಲಾ ಓದಿದೀನಿ. ಮನೇಲಿ ಕರೆಂಟ್ ಇರೋರು ಒಬ್ರೂ ಇಲ್ಲ. ನಮ್ಮನೇಲಿ ಕರೆಂಟ್ ಐತೆ. ಊಟ ಐತೆ. ನಮ್ಮಪ್ಪ ಹೊಡೆಯಲ್ಲ, ಬೈಯಲ್ಲ. ನಂಗೆ ಒಂದು ಕಷ್ಟಾನೂ ಇಲ್ಲ. ನಾನು ಹೆಂಗೆ ಸೈಂಟಿಸ್ಟ್ ಆಗೋದು?"

ನನಗೆ ನಗು ಬಂತು. ಮೇಡಂ ಮುಖ ನೋಡಿ ಅದು ಬಾಯಲ್ಲೇ ನಿಂತಿತು.

"ಆ ದೀಪ ನಿಜ ಅಲ್ಲ ಬೇಟಾ. ನಾನೇ ನೆಟ್ಟಿದ್ದು" ಎಂದರು ಮೇಡಂ.

ಹುಡುಗಿಗಿಂತ ಮೊದಲು ತಾಯಿಗೆ ಅರ್ಥವಾಯಿತು. "ಅಂದ್ರೆ ಸುಳ್ಳಾ? ಅಚ್ಚಾಗಿರೋ ಪುಸ್ತಕದಾಗೆ ಸುಳ್ಳು ಬರೀತಾರಾ? ಅಯ್ಯೋ ದೇವುಡಾ! ಸುಳ್ಳಿಗೆ ನನ್ ಮಗೀನ ಚೇಳಿನ ಬಾಯ್ಗೆ ಕೊಟ್ಬುಟ್ಟೆನಲ್ಲಾ!" ಮಂಚದ ಮೇಲಿದ್ದ ಬಾಲಚುಕ್ಕಿ ಪುಸ್ತಕ ತೆಗೆದು ಮೇಡಂ ಕೈಗೆ ಇಟ್ಟಳು. "ತಗೊಂಡೋಗಿ. ಸ್ಕೂಲ್ ಪಾಠದ ಪುಸ್ತಕ ಬುಟ್ರೆ ಇನ್ಮೇಲೆ ಈ ಮನೆಗೆ ಬ್ಯಾರೆ ಪುಸ್ತಕ ಬರಂಗಿಲ್ಲ."

ಹುಡುಗಿ ಅಳಲಿಲ್ಲ. ಪುಸ್ತಕ ಹೋಗುವುದನ್ನೇ ನೋಡುತ್ತಾ ಕೂತಳು. ಅತ್ತಿದ್ದರೇ ಚೆನ್ನಾಗಿತ್ತು. ಚೇಳಿನ ವಿಷ ಇಳಿದಿತ್ತು, ಆದರೆ ಓದುವ ಒಂದು ಮಗುವಿನ ಕೈಯಿಂದ ಪುಸ್ತಕವೇ ಹೋಗಿತ್ತು.

ವಾಪಸು ಬರುವ ಬಸ್ಸಿನಲ್ಲಿ ಮೇಡಂ ಇದ್ದಕ್ಕಿದ್ದಂತೆ ನನ್ನ ಕಡೆ ತಿರುಗಿದರು. "ಮೇಷ್ಟ್ರೇ, ದೀಪದ ಕೆಳಗೆ ಕೂತ್ರೆ ಚುಕ್ಕಿ ಕಾಣಿಸ್ತಾವಾ?"

"ಇಲ್ಲ. ಬೆಳಕು ಕಣ್ಣಿಗೆ ಹೊಡೆಯುತ್ತೆ."

"ಚುಕ್ಕಿ ಹುಡುಕೋ ಹುಡುಗೀನ ಕರ್ಕೊಂಡೋಗಿ ದೀಪದ ಕೆಳಗೆ ಕೂರಿಸಿದೀನಿ! ತೌಬಾ ತೌಬಾ! ವಿಜ್ಞಾನದ ಟೀಚರ್ ನಾನು!" ಎಂದು ನಗಲು ಶುರುಮಾಡಿದವರು ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ಕಂಡಕ್ಟರು ಬಂದು ಏನಾಯ್ತಮ್ಮ ಎಂದು ವಿಚಾರಿಸಿದ. ನಗು ನಿಂತಾಗ ಹಳೆಯ ಮೇಡಂ ವಾಪಸು ಬಂದಿದ್ದರು. "ಎಲ್ಲ ದೀಪಾನೂ ಕೀಳ್ತೀನಿ. ಆ ಹುಡುಗಿ ಕೈಗೆ ಪುಸ್ತಕ ವಾಪಸು ಹೋಗ್ಬೇಕು. ಅವರಮ್ಮನ ಕೈಯಿಂದಾನೇ ಹೋಗ್ಬೇಕು" ಎಂದರು.

ಬಾಲಚುಕ್ಕಿ ಪುಸ್ತಕ ಆಗ ತಾನೇ ಎರಡನೇ ಮುದ್ರಣಕ್ಕೆ ಸಿದ್ಧವಾಗಿತ್ತು. ದೀಪ ತೆಗೆಯುತ್ತೇನೆ ಎಂದದ್ದಕ್ಕೆ ಪ್ರಕಾಶಕರು ಹೌಹಾರಿದರು. ಆ ಬಾಲಚುಕ್ಕಿಯ ಹೆಣ್ಣುಮಗಳು ಚಿಕ್ಕಂದಿನಲ್ಲಿ ಸಂಜೆ ಹೊತ್ತು ಏನು ಮಾಡುತ್ತಿದ್ದಳು ಎಂದು ಮೇಡಂ ತಮ್ಮ ಹತ್ತಿರವಿದ್ದ ಪುಸ್ತಕಗಳನ್ನೆಲ್ಲ ಜಾಲಾಡಿದರು, ಏನೂ ಸಿಗಲಿಲ್ಲ. "ಹಾಗಾದ್ರೆ ಏನಂತ ಬರೀತೀರಿ?" ಎಂದು ಪ್ರಕಾಶಕರು ಕೇಳಿದ್ದಕ್ಕೆ, "ಗೊತ್ತಿಲ್ಲ ಅಂತ" ಎಂದರು.

"ಜೀವನಚರಿತ್ರೇಲಿ ಗೊತ್ತಿಲ್ಲ ಅಂತ ಯಾರಾದ್ರೂ ಬರೀತಾರಾ ಮೇಡಂ? ದುಡ್ಡು ಕೊಟ್ಟವರು ಸುಮ್ನಿರ್ತಾರಾ?"

ನಾನೂ ಪ್ರಕಾಶಕರ ಕಡೆಯೇ ಸ್ವಲ್ಪ ವಾಲಿದ್ದೆ. ನನ್ನ ಚಿತ್ರ ಹೋಗುತ್ತಿತ್ತಲ್ಲ. "ಮೇಡಂ, ಚಿತ್ರ ಇರಲಿ, ಕೆಳಗಿನ ಮಾತು ಮಾತ್ರ ತೆಗೀರಿ" ಎಂದು ಚೌಕಾಸಿಗೂ ಇಳಿದೆ. ಅವರು ನನ್ನನ್ನು ನೋಡಿದ ನೋಟಕ್ಕೆ ಆ ಮಾತನ್ನು ವಾಪಸು ತೆಗೆದುಕೊಂಡೆ. ಕೊನೆಗೆ ಒಂದು ಪಂದ್ಯವಾಯಿತು. ಅದೇ ಊರಿನ ಶಾಲೆಯಲ್ಲಿ ಹೊಸ ಪುಟ ಓದುವುದು, ಪ್ರಕಾಶಕರು ಖುದ್ದಾಗಿ ಬಂದು ಕೂರುವುದು. ಆ ಪುಟದಲ್ಲಿ ಮಕ್ಕಳ ಕುಂಡಿ ಅಲ್ಲಾಡಿದರೆ ದೀಪ ವಾಪಸು. ಹುಡುಗಿಯ ಮನೆಗೂ ಹೆಡ್‌ಮಾಸ್ಟರ ಮೂಲಕ ಹೇಳಿಕಳಿಸಿದರು: "ಮಗಳ ಜೊತೆ ತಾಯಿಯೂ ಬರಲಿ. ಸುಳ್ಳು ಕಂಡರೆ ಎದ್ದು ನಿಂತು ಹೇಳಲಿ."

ತಾಯಿ ಬಂದಳು. ಮಗಳನ್ನು ಮಕ್ಕಳ ಸಾಲಿನಲ್ಲಿ ಕೂರಿಸಿ, ತಾನು ಬಾಗಿಲ ಹತ್ತಿರ ಕೈಕಟ್ಟಿ ನಿಂತಳು. ಪ್ರಕಾಶಕರು ಎಲ್ಲರ ಹಿಂದೆ ಕುರ್ಚಿ ಹಾಕಿಸಿಕೊಂಡು, ಮಕ್ಕಳ ಹಿಂಭಾಗಗಳ ಮೇಲೆ ಕಣ್ಣಿಟ್ಟು ಕೂತರು. ಮೇಡಂ ಓದಲು ಶುರುಮಾಡಿದರು. ಚಿತ್ರ ಉಳಿಯಲಿ ಎಂದು ಬಯಸಬೇಕೋ, ಮೇಡಂ ಗೆಲ್ಲಲಿ ಎಂದು ಬಯಸಬೇಕೋ ತಿಳಿಯದೆ ಒದ್ದಾಡುತ್ತಿದ್ದೆ.

ಆ ಪುಟ ಬಂತು. "ಈ ಹುಡುಗಿ ಚಿಕ್ಕವಳಿದ್ದಾಗ ಸಂಜೆ ಹೊತ್ತು ಏನು ಮಾಡುತ್ತಿದ್ದಳು? ನನಗೆ ಗೊತ್ತಿಲ್ಲ. ತುಂಬ ಹುಡುಕಿದೆ, ಸಿಗಲಿಲ್ಲ. ಅವಳನ್ನು ಯಾರೂ ಕೇಳಿರಲಿಲ್ಲವೋ ಏನೋ. ನೀನು ಸಂಜೆ ಹೊತ್ತು ಏನು ಮಾಡುತ್ತೀಯ?" ಇಷ್ಟು ಓದಿ ಮೇಡಂ ಹಾಳೆ ಕೆಳಗಿಟ್ಟರು.

ಸಾಲಿಗೆ ಸಾಲೇ ಅಲ್ಲಾಡಿತು.

"ಅಲ್ಲಾಡಿದ್ವು ಮೇಡಂ!" ಎಂದು ಪ್ರಕಾಶಕರು ಕುರ್ಚಿಯಿಂದ ಎದ್ದರು.

ಅಲ್ಲಾಡಿದ್ದು ನಿಜ. ಮಕ್ಕಳೆಲ್ಲ ಎದ್ದು ನಿಂತಿದ್ದರು. ಉತ್ತರ ಹೇಳಲು. "ನಾನು ಕೋಳಿ ಮುಚ್ತೀನಿ ಮೇಡಂ!" "ನಾನು ತಮ್ಮುನ್ನ ಎತ್ಕೊಂಡು ಬೀದಿ ಸುತ್ತುತೀನಿ!" "ನಾನು ಏನೂ ಮಾಡಲ್ಲ, ಸುಮ್ಕೆ ಕುಂತಿರ್ತೀನಿ!" ಒಬ್ಬನಂತೂ ಗೋಡೆ ಪಕ್ಕದ ಬೆಂಚು ಹತ್ತಿ ನಿಂತು, "ನಾನು ದಿಬ್ಬದ ಮೇಲಿಂದ ಸೋಲಾರ್ ಪ್ಯಾನೆಲ್‌ನಾಗೆ ಸೂರ್ಯ ಮುಳುಗೋದು ನೋಡ್ತೀನಿ. ಒಂದು ಸೂರ್ಯ ಅಲ್ಲ ಮೇಡಂ, ಎಣ್ಸೋಕೇ ಆಗಲ್ಲ!" ಎಂದ. ಚೇಳು ಕುಟುಕಿದ ಹುಡುಗಿ ಎಲ್ಲರ ಗದ್ದಲ ಇಳಿಯುವವರೆಗೂ ಕಾದು, "ಕರೆಂಟ್ ಹೋದಾಗ ನಾನು ಅಂಗಳಕ್ಕೆ ಬಂದು ಚುಕ್ಕಿ ನೋಡ್ತೀನಿ. ಬಿರ್ರನೆ ಕರೆಂಟ್ ಬಂದ್ರೆ ಬೇಜಾರಾಗ್ತೈತೆ" ಎಂದಳು. ಮೇಡಂ ಎರಡೂ ಕೈ ತಟ್ಟಿ, "ಅರೆ ವಾಹ್! ಕೇಳಿದ್ರಾ ಮೇಷ್ಟ್ರೇ, ಕೇಳಿದ್ರಾ?" ಎಂದು ಕೂಗಿದರು. ಪ್ರಕಾಶಕರು ಕುರ್ಚಿಯಲ್ಲಿ ಮೆತ್ತಗೆ ಕೂತುಕೊಂಡರು. ನನಗೆ ಚಿತ್ರವೂ ಮರೆತಿತ್ತು, ಪಂದ್ಯವೂ ಮರೆತಿತ್ತು.

ಆಗ ಬಾಗಿಲ ಕಡೆಯಿಂದ ಮಾತು ಬಂತು.

"ನಾನು ಬೊಂಬೆ ಬರೀತಿದ್ದೆ."

ಎಲ್ಲರೂ ತಿರುಗಿದರು. ತಾಯಿ ಕೈಕಟ್ಟು ಬಿಚ್ಚಿದ್ದಳು.

"ಸಂಜೆ ದೀಪ ಹಚ್ಚೋ ಹೊತ್ನಾಗೆ. ಇದ್ಲು ತಗೊಂಡು ಗೋಡೆ ತುಂಬ ಕುದುರೆ ಬರೀತಿದ್ದೆ. ನಮ್ಮವ್ವ ಬೈಯೋಳು, ಸುಣ್ಣ ಬಳಿಯೋಳು. ಮಾರ್ನೇ ದಿನ ಮತ್ತೆ ಬರೀತಿದ್ದೆ. ಕುದುರೆ ಕಾಲು ಮಾತ್ರ ಸರೀಗ್ ಬರ್ತಿರ್ಲಿಲ್ಲ."

ಮಗಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು. "ಅಮ್ಮ, ನೀನಾ? ನಂಗ್ಯಾಕೆ ಒಂದಿನಾನೂ ಹೇಳ್ಲಿಲ್ಲ?"

"ಯಾರು ಕೇಳಿದ್ರಮ್ಮಿ?"

ಮೇಡಂ ಓದುವುದನ್ನು ಬಿಟ್ಟು ಮಕ್ಕಳ ನಡುವೆ ನೆಲದ ಮೇಲೆ ಕೂತುಬಿಟ್ಟರು. "ಹೇಳಿ ಅಮ್ಮಾ, ಯಾವ ಬಣ್ಣದ ಕುದುರೆ?" ಎಂದರು. ನಾನು ಎದ್ದು ಹೋಗಿ ಅವಳ ಕೈಗೆ ಚಾಕ್‌ಪೀಸ್ ಕೊಡಲು ನೋಡಿದೆ. "ಅಯ್ಯೋ ಬುಡಿ ಸಾರ್, ಇಷ್ಟು ಜನದ ಮುಂದೆ" ಎಂದು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಅವಳ ಮುಖ ಹನ್ನೆರಡು ವರ್ಷದ ಹುಡುಗಿಯದಾಗಿತ್ತು.

ಮಕ್ಕಳು ಮನೆಗೆ ಹೊರಟ ಮೇಲೆ ಆಕೆ ಮೇಡಂ ಹತ್ತಿರ ಬಂದು ಕೈ ಚಾಚಿದಳು. "ಆವತ್ತು ಕೊಟ್ಟಿದ್ದೆನಲ್ಲ, ಆ ಪುಸ್ತಕ ಕೊಡಿ. ಇವ್ಳು ಓದ್ಲಿ, ನಾನೂ ಕೇಳ್ತೀನಿ. ಆ ಸುಳ್ಳಿಂದು ಹಾಳೆ ಮಾತ್ರ ಕಿತ್ತಾಕಿ ಕೊಡಿ."

ಮೇಡಂ ಚೀಲದಿಂದ ಪುಸ್ತಕ ತೆಗೆದು ನನ್ನ ಮುಖ ನೋಡಿದರು. ಕೀಳಿ ಎಂದೆ. ಪರ್‍ರ್ ಎಂದು ಕಿತ್ತರು. ಕತ್ತಲು, ಹಳದಿ ಬೆಳಕು, ಹುಡುಗಿಯ ಬೆನ್ನು, ನನ್ನ ಜೀವಮಾನದ ಒಳ್ಳೆಯ ಚಿತ್ರ ಅವರ ಕೈಯಲ್ಲಿ ಬಿಡಿಹಾಳೆಯಾಗಿ ನಿಂತಿತು. ಪುಸ್ತಕವನ್ನು ಮಗಳ ಕೈಗೆ ಕೊಟ್ಟ ತಾಯಿ ಆ ಹಾಳೆಯನ್ನು ತಿರುಗಿಸಿ ನೋಡಿದಳು.

"ಇದ್ನೂ ಕೊಡಿ ಮೇಡಂ" ಎಂದಳು. "ಹಿಂದ್ಗಡೆ ಖಾಲಿ ಐತೆ. ಬರ್ಕೊಬೋದು."